ಬಿಗಿಯಾದ ಪೊರೆ, ಸಡಿಲಾದ ಪೊರೆ

"ಗುರುಗಳೇ, ಹದಿಮೂರು ವರ್ಷ ಕಲ್ಲಿನ ಹಾಗಿದ್ದ ಮನುಷ್ಯ ಒಮ್ಮೆಲೇ ಸಡಿಲಾಗುವುದು ಯಾಕೆ?"

ಕೇಳಿದವಳು ನೀಲಗಂಗಾ. ಮಠದ ಉಚಿತ ವಸತಿ ಶಾಲೆಯನ್ನು ನೋಡಿಕೊಳ್ಳುವ ಶಿಷ್ಯೆ. ಮಧ್ಯಾಹ್ನದ ಊಟ ಮುಗಿದಿತ್ತು. ಗುರುಗಳು ತಮ್ಮ ತಟ್ಟೆಯನ್ನು ತಾವೇ ತೊಳೆದು ಒರೆಸುತ್ತಿದ್ದರು.

"ಯಾವ ಮನುಷ್ಯ?"

"ಸಾಮಾನ್ಯವಾಗಿ ಕೇಳಿದೆ."

"ಸಾಮಾನ್ಯ ಮನುಷ್ಯ ಎಂಬುವವರನ್ನು ನಾನು ಇದುವರೆಗೆ ನೋಡಿಲ್ಲ. ನೋಡಿದವರ ಬಗ್ಗೆ ಮಾತಾಡೋಣ."

ನೀಲಗಂಗಾ ಸೆರಗು ಸರಿಪಡಿಸಿಕೊಂಡಳು. "ಗುರುಸಿದ್ದವ್ವ," ಎಂದಳು.

ಗುರುಸಿದ್ದವ್ವ ವಸತಿ ಶಾಲೆಯ ಬಾಗಿಲಲ್ಲಿ ಕೂರುವ ಹೆಂಗಸು. ಯಾವ ಮಗುವನ್ನು ಸೇರಿಸಿಕೊಳ್ಳಬೇಕು, ಯಾವುದು ಬೇಡ ಎಂಬುದನ್ನು ತೀರ್ಮಾನಿಸುವುದು ಆಕೆಯ ಕೆಲಸ. ಶಾಲೆ ಇರುವುದು ದಿಕ್ಕಿಲ್ಲದ ಮಕ್ಕಳಿಗೆ. ಆದರೆ ಊಟ, ಬಟ್ಟೆ, ಪಾಠ ಮೂರೂ ಪುಕ್ಕಟೆ ಸಿಗುವಲ್ಲಿಗೆ ದಿಕ್ಕಿರುವವರೂ ಬರುತ್ತಾರೆ. ಆಕೆ ಬಂದವರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡುತ್ತಿದ್ದಳು. "ಮನ್ಯಾಗ ಒಲಿ ಯಾರು ಹಚ್ಚತಾರ?" ಎಂದು ಮಗುವನ್ನು ಕೇಳುತ್ತಿದ್ದಳು. ಅಷ್ಟರಲ್ಲಿ ಆಕೆಗೆ ಗೊತ್ತಾಗುತ್ತಿತ್ತು.

"ಮೊದಲು ಎರಡು ಪ್ರಶ್ನೆ ಕೇಳುತ್ತಿದ್ದಳು," ಎಂದಳು ನೀಲಗಂಗಾ. "ವರ್ಷ ಹೋದಂತೆ ಏಳಾಯಿತು. ಹೋದ ವರ್ಷ ಹನ್ನೆರಡು. ಒಂದಕ್ಕೆ ತಡವರಿಸಿದರೂ ವಾಪಸ್. ಇನ್ನೂರು ಹಾಸಿಗೆಯಲ್ಲಿ ಎಪ್ಪತ್ತೇ ತುಂಬಿದ್ದವು. ಆದರೆ ಆ ಎಪ್ಪತ್ತೂ ಅಪ್ಪಟ. ದಾನ ಕೊಡುವವರು ಬಂದು ನೋಡಿ, ಇಂಥ ಶುದ್ಧವಾದ ಆಯ್ಕೆ ಎಲ್ಲೂ ಇಲ್ಲ ಎಂದು ಹೊಗಳಿ ಹೋಗುತ್ತಿದ್ದರು."

"ಈ ವರ್ಷ?"

"ಈ ವರ್ಷ ಹಾಸಿಗೆಗಳನ್ನೆಲ್ಲ ತುಂಬಿಸಬೇಕು ಎಂದು ಸಮಿತಿಯವರು ಹೇಳಿದರು. ಎಲ್ಲರನ್ನೂ ಒಂದೇ ಸೋಮವಾರಕ್ಕೆ ಕರೆದೆ. ಆರುನೂರು ಜನ ಬಂದರು. ಸಂಜೆಯ ಹೊತ್ತಿಗೆ ಗುರುಸಿದ್ದವ್ವ ಖಾಲಿಯಿದ್ದ ನೂರಮೂವತ್ತು ಹಾಸಿಗೆಗೂ ಮಕ್ಕಳನ್ನು ಒಳಗೆ ಬಿಟ್ಟಿದ್ದಳು. ಅದರಲ್ಲಿ ಹನ್ನೊಂದು ಮಕ್ಕಳು ಬರಬಾರದವರು. ಒಬ್ಬನ ಅಪ್ಪನಿಗೆ ಎರಡು ಲಾರಿ ಇವೆ ಗುರುಗಳೇ. ಒಬ್ಬಳ ಸೋದರಮಾವನದು ಹತ್ತಿ ಗಿರಣಿ. ಹನ್ನೊಂದು ಹೆಸರೂ ನನಗೆ ಬಾಯಿಪಾಠ."

"ಈಗ ಏನು ಮಾಡಬೇಕೆಂದಿದ್ದೀಯ?"

"ಆಕೆಯನ್ನು ಬಾಗಿಲಿನಿಂದ ಎಬ್ಬಿಸಬೇಕು. ಗ್ರಂಥಾಲಯದಲ್ಲಿ ಒಬ್ಬಳಿದ್ದಾಳೆ. ಹತ್ತು ವರ್ಷದಿಂದ ಪುಸ್ತಕಗಳ ಜೊತೆ ಬಿಟ್ಟು ಯಾರ ಜೊತೆಗೂ ವ್ಯವಹಾರವಿಲ್ಲ. ಸವೆದಿಲ್ಲ. ಹೊಸಬಳ ಹಾಗೇ ಇದ್ದಾಳೆ. ಆ ಜಾಗಕ್ಕೆ ಅವಳನ್ನು ಕೂರಿಸಬೇಕೆಂದಿದ್ದೇನೆ. ತಾವು ಹೂಂ ಎಂದರೆ ಇವತ್ತೇ."

ಬಾಗಿಲಿನ ಕೆಲಸ ಹೋದರೆ ಬಾಗಿಲ ಪಕ್ಕದ ಕೋಣೆಯೂ ಹೋಗುತ್ತದೆ. ಗುರುಸಿದ್ದವ್ವನಿಗೆ ಬೇರೆ ಮನೆಯಿಲ್ಲ. ಇದನ್ನು ನೀಲಗಂಗಾ ಹೇಳಲಿಲ್ಲ. ಗುರುಗಳಿಗೆ ಗೊತ್ತಿತ್ತು.

ಗುರುಗಳು ತಟ್ಟೆಯನ್ನು ಕೆಳಗಿಟ್ಟರು. "ಕೂತುಕೋ. ಒಂದು ಕತೆ ಹೇಳುತ್ತೇನೆ," ಎಂದರು.

ಗುರುಗಳು ಮಠಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವರು. ಆದ್ದರಿಂದ ಅವರ ಕತೆಗಳಲ್ಲಿ ಹಾಲನ್ನೂ ನೀರನ್ನೂ ಬೇರೆ ಮಾಡುವ ಹಂಸ ಬರುವುದಿಲ್ಲ. ಪೈಪು ಬರುತ್ತದೆ, ವಾಲ್ವು ಬರುತ್ತದೆ. ಕೆಲವು ಭಕ್ತರಿಗೆ ಇದರಿಂದ ಬೇಸರವೂ ಇದೆ. ಗುರುಗಳಿಗೆ ಆ ಬೇಸರವೂ ಗೊತ್ತಿದೆ.

*

ಒಬ್ಬ ಯಜಮಾನನಿದ್ದ. ಸಕ್ಕರೆ ಕಾರ್ಖಾನೆಯಿಂದ ಬರುವ ಕಬ್ಬಿನ ಕೆಸರನ್ನು ದೊಡ್ಡ ತೊಟ್ಟಿಯಲ್ಲಿ ಕೊಳೆಸಿ ಅನಿಲ ತೆಗೆಯುತ್ತಿದ್ದ. ಆ ಅನಿಲದಲ್ಲಿ ಎರಡು ಜಾತಿ ಕೂಡಿಕೊಂಡಿರುತ್ತವೆ. ಒಂದು ಉರಿಯುತ್ತದೆ, ಒಂದು ಉರಿಯನ್ನು ಆರಿಸುತ್ತದೆ. ಉರಿಯುವುದು ಮೀಥೇನ್. ಅದು ಯಜಮಾನನ ಸ್ವಂತ ಬಾಯ್ಲರಿಗೆ ಬೇಕು. ಆರಿಸುವುದು ಇಂಗಾಲದ ಡೈಆಕ್ಸೈಡ್. ಅದನ್ನು ಒಬ್ಬ ವ್ಯಾಪಾರಿ ಒಯ್ಯುತ್ತಿದ್ದ. ಶಾಲೆ, ಆಸ್ಪತ್ರೆ, ಹತ್ತಿ ಗೋದಾಮುಗಳ ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನೇತುಹಾಕುತ್ತಾರಲ್ಲ, ಅವನ್ನು ತುಂಬಿ ಕೊಡುವುದು ಅವನ ವೃತ್ತಿ.

ಎರಡು ಜಾತಿಯನ್ನೂ ಬೇರೆ ಮಾಡುವುದಕ್ಕೆ ಒಂದು ಪೊರೆಯಿತ್ತು. ಅದು ಒಂದು ಬಗೆಯ ಪ್ಲಾಸ್ಟಿಕ್ಕು. ಶ್ಯಾವಿಗೆಗಿಂತ ಸಣ್ಣದಾದ ಸಾವಿರಾರು ಟೊಳ್ಳು ಎಳೆಗಳನ್ನು ಕಟ್ಟು ಕಟ್ಟಿ ಉಕ್ಕಿನ ಕೊಳವೆಯಲ್ಲಿ ಕೂರಿಸಿರುತ್ತಾರೆ. ಅನಿಲವನ್ನು ಒತ್ತಿ ಕಳಿಸಿದರೆ ಆರಿಸುವ ಜಾತಿ ಪೊರೆಯನ್ನು ಹಾದು ಆಚೆ ಹೋಗುತ್ತದೆ. ಉರಿಯುವ ಜಾತಿ ಈಚೆಗೇ ಉಳಿಯುತ್ತದೆ. ಕಣ್ಣಿಗೆ ಕಾಣುವ ತೂತುಗಳೇನೂ ಇಲ್ಲ. ಪ್ಲಾಸ್ಟಿಕ್ಕಿನ ಒಳಗಿನ ಎಳೆಗಳ ನಡುವೆ ಇರುವ ಸಂದುಗಳಲ್ಲೇ ಎಲ್ಲ ವ್ಯವಹಾರ.

ಯಜಮಾನ ಒಂದೇ ದಿನ ತಯಾರಾದ ಎರಡು ಪೊರೆ ಕೊಂಡ. ಒಂದನ್ನು ಯಂತ್ರಕ್ಕೆ ಜೋಡಿಸಿದ. ಇನ್ನೊಂದಕ್ಕೆ ಮೂರು ಸುತ್ತು ಹಾಳೆ ಸುತ್ತಿ ಕಬ್ಬಿಣದ ಅಲಮಾರಿಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಹೆಂಡತಿಯ ಬಂಗಾರಕ್ಕೂ ಅವನು ಅಷ್ಟು ಜೋಪಾನ ಮಾಡಿರಲಿಲ್ಲ ಎಂದು ಊರವರು ಹೇಳುತ್ತಿದ್ದರು.

ಯಂತ್ರ ನೋಡಿಕೊಳ್ಳುವುದಕ್ಕೆ ಒಬ್ಬ ಹೆಂಗಸಿದ್ದಳು. ಐ.ಟಿ.ಐ. ಕಲಿತವಳು. ಮಾತು ಕಡಿಮೆ. ಆ ಕೆಲಸ ಬಿಟ್ಟರೆ ಸುತ್ತ ಮೂವತ್ತು ಹಳ್ಳಿಯಲ್ಲಿ ಆಕೆಗೆ ಬರುವ ಕೆಲಸ ಇನ್ನೊಂದು ಇರಲಿಲ್ಲ.

ಯಂತ್ರಕ್ಕೆ ಪೂಜೆ ಮಾಡಿದರು. ಕಾಯಿ ಒಡೆದರು. ಒತ್ತಡದ ಮುಳ್ಳು ಹತ್ತಕ್ಕೆ ನಿಂತಿತ್ತು. ಗಂಟೆಗೆ ನೂರು ಪಾಲು ಅನಿಲ ಪೊರೆ ದಾಟಿತು. ಯಜಮಾನ ಸಂತೋಷದಿಂದ ಕೆಂಪು ಬಣ್ಣ ತರಿಸಿ, ಎದುರು ಗೋಡೆಯ ಮೇಲೆ ಅಂಗೈಯಗಲದ ಅಕ್ಷರದಲ್ಲಿ ನೂರು ಎಂದು ಬರೆಯಲು ಹೊರಟ.

"ಇವತ್ತು ಬರೀಬ್ಯಾಡ್ರಿ ಯಜಮಾನ್ರ," ಎಂದಳು ಆಕೆ.

"ಯಾಕ?"

"ಇದು ಹೊಸಾದೈತಿ. ಇನ್ನೂ ಕುಂತಿಲ್ಲ. ಒಂದೆರಡು ತಿಂಗಳು ಬಿಟ್ಟು ಎಷ್ಟು ಕೊಡತೈತಿ ನೋಡಿ, ಅದನ್ನ ಬರೀರಿ."

"ಪೂಜಿ ಇವತ್ತು ಆಗೇತಿ. ಎರಡು ತಿಂಗಳು ಬಿಟ್ಟು ಬರದ್ರ ಅದು ಪೂಜಿ ಲೆಕ್ಕ ಆಗತೈತೇನವ್ವಾ?"

ಯಜಮಾನ ನೂರು ಎಂದೇ ಬರೆದ. ಮೇಲೆ ಅರಿಶಿನ ಕುಂಕುಮ ಹಚ್ಚಿದ. ಹಚ್ಚಿದ ಮೇಲೆ ಅದು ಅಂಕಿಯಾಗಿ ಉಳಿಯಲಿಲ್ಲ, ದೇವರಾಯಿತು. ದೇವರನ್ನು ತಿದ್ದುವುದಕ್ಕೆ ಬರುವುದಿಲ್ಲ.

ಆಕೆ ಹೇಳಿದ್ದರಲ್ಲಿ ನಿಜವಿತ್ತು. ಜೋಳವನ್ನು ಈಗ ತಾನೇ ಚೀಲಕ್ಕೆ ಸುರಿದರೆ ಬಾಯಿವರೆಗೆ ಬರುತ್ತದೆ. ಎಂಟು ದಿನ ಬಿಟ್ಟು ನೋಡಿದರೆ ಗೇಣು ಇಳಿದಿರುತ್ತದೆ. ಯಾರೂ ಕದ್ದಿಲ್ಲ, ಇಲಿ ತಿಂದಿಲ್ಲ. ಕಾಳುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಪೊರೆಯೂ ಹಾಗೆ. ಅದನ್ನು ಮಾಡುವಾಗ ಕಾಯಿಸಿ ಎಳೆದು ಗಡಿಬಿಡಿಯಲ್ಲಿ ತಣಿಸಿರುತ್ತಾರೆ. ಎಳೆಗಳು ಎಲ್ಲಿದ್ದವೋ ಅಲ್ಲೇ ಸೆಟೆದು ನಿಂತಿರುತ್ತವೆ. ನಡುವೆ ಸಂದು ಜಾಸ್ತಿ ಉಳಿದಿರುತ್ತದೆ. ಆಮೇಲೆ ಅವು ನಿಧಾನವಾಗಿ ಒಂದರ ಪಕ್ಕ ಒಂದು ಕೂರುತ್ತ ಬರುತ್ತವೆ. ಮೊದಲ ತಿಂಗಳು ಬೇಗ ಬೇಗ, ಆಮೇಲೆ ನಿಧಾನ. ಆದರೆ ನಿಲ್ಲುವುದು ಮಾತ್ರ ಇಲ್ಲ. ಸಂದು ಕಿರಿದಾಗುತ್ತಲೇ ಇರುತ್ತದೆ. ಇದಕ್ಕೆ ಮುಪ್ಪು ಎನ್ನುತ್ತಾರೆ. ಸವೆತವಲ್ಲ. ಬರೀ ಮುಪ್ಪು.

ಎರಡೇ ತಿಂಗಳಿಗೆ ನೂರು ಎಂಬತ್ತಾಯಿತು. ವರ್ಷ ಕಳೆದಾಗ ಎಪ್ಪತ್ತು. ಐದನೆಯ ವರ್ಷಕ್ಕೆ ಐವತ್ತು.

ಇದು ಯಜಮಾನನಿಗೆ ಬೇಸರ ತರಲಿಲ್ಲ. ಯಾಕೆಂದರೆ ದಾಟಿದಷ್ಟು ಅನಿಲ ಹಿಂದೆಂದಿಗಿಂತ ಶುದ್ಧವಾಗಿತ್ತು. ಸಂದು ಕಿರಿದಾದಂತೆ ಮೀಥೇನಿಗೆ ನುಸುಳಲು ಜಾಗವೇ ಉಳಿಯಲಿಲ್ಲ. ವ್ಯಾಪಾರಿ ಸಿಲಿಂಡರ್ ಒಯ್ಯುವಾಗ ಪ್ರತಿಸಲ ಒಂದು ಪರೀಕ್ಷೆ ಮಾಡುತ್ತಿದ್ದ. ಒಂದು ಹಣತೆ ಹಚ್ಚಿಟ್ಟು, ಸಿಲಿಂಡರಿನ ಬಾಯಿಯನ್ನು ಚೂರು ತಿರುಗಿಸಿ ಅದರತ್ತ ಬಿಡುತ್ತಿದ್ದ. ಮೊದಲ ವರ್ಷ ಹಣತೆ ಆರುವಾಗ ಒಮ್ಮೆ ತಲೆ ಅಲ್ಲಾಡಿಸುತ್ತಿತ್ತು. ಐದನೆಯ ವರ್ಷ ಅದೂ ಇಲ್ಲ. ಬಿಡುವುದರೊಳಗೆ ಆರುತ್ತಿತ್ತು.

"ಏನ್ ಪೊರಿ ರೀ ನಿಮ್ದು!" ಎನ್ನುತ್ತಿದ್ದ ವ್ಯಾಪಾರಿ. "ಹಳೇದಾದಂಗ ಚೊಕ್ಕ ಆಗಾಕತ್ತೇತಿ. ನಮ್ಮ ಮನ್ಯಾಗ ಒಬ್ಬರೂ ಹಿಂಗಾಗಲಿಲ್ಲ ನೋಡ್ರಿ."

ಯಜಮಾನ ಪೊರೆಯ ಕೊಳವೆಗೆ ಹೂವಿನ ಹಾರ ಹಾಕಿಸಿದ.

ದಾಟಬೇಕಾಗಿದ್ದ ಇನ್ನೈವತ್ತು ಪಾಲು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ.

*

ಇಲ್ಲಿ ಗುರುಗಳು ಸ್ವಲ್ಪ ನಿಲ್ಲಿಸಿ ನೀಲಗಂಗಾಳ ಮುಖ ನೋಡಿದರು. ಆಕೆ ಏನೂ ಕೇಳಲಿಲ್ಲ. ಮುಂದೇನಾಯಿತು ಎಂಬಂತೆ ಕೂತಿದ್ದಳು. ಗುರುಗಳು ಮುಂದುವರಿಸಿದರು.

*

ಅದು ಎಲ್ಲಿಗೂ ಹೋಗಿರಲಿಲ್ಲ. ಪೊರೆ ದಾಟಲಾಗದೆ ಈಚೆಗೇ ಉಳಿದು, ಮೀಥೇನಿನ ಜೊತೆ ಸೇರಿ ಬಾಯ್ಲರಿಗೆ ಹೋಗುತ್ತಿತ್ತು. ಉರಿಯನ್ನು ಆರಿಸುವ ಅನಿಲ ಉರಿಯುವಲ್ಲಿಗೇ ಹೋದರೆ ಏನಾಗುತ್ತದೆ? ಬಾಯ್ಲರಿನ ಬೆಂಕಿ ವರ್ಷದಿಂದ ವರ್ಷಕ್ಕೆ ಮಂದವಾಯಿತು.

"ಬಾಯ್ಲರ್ ಉರಿ ಸಣ್ಣಗಾಗೇತ್ರಿ," ಎಂದಳು ಯಂತ್ರ ನೋಡುವಾಕೆ ಒಂದು ದಿನ. "ಪೊರಿ ಬಿಗೀ ಆಗೇತಿ. ದಾಟಬೇಕಾದ್ದು ದಾಟವಲ್ದು."

"ಅದು ಬಾಯ್ಲರ್ ಮಾತು," ಎಂದ ಯಜಮಾನ. "ಪೊರಿ ಸುದ್ದಿಗೆ ಬರಬ್ಯಾಡ. ಅದು ಬಂಗಾರ ಐತಿ."

ಬಾಯ್ಲರಿನವನನ್ನು ಕರೆಸಿ ಬೈದ. ಬಾಯ್ಲರಿನವನು ಕೊಳವೆಗಳನ್ನೆಲ್ಲ ಬಿಚ್ಚಿ ಮಸಿ ಕೆರೆದ. ಬೆಂಕಿ ಮಂದವಾಗಿಯೇ ಉಳಿಯಿತು. ಮುಂದಿನ ವರ್ಷ ಮತ್ತೆ ಬೈಸಿಕೊಂಡ, ಮತ್ತೆ ಕೆರೆದ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ವ್ಯಾಪಾರಿ ಅವಸರದಿಂದ ಬಂದ. ಜಿಲ್ಲೆಯ ಎಲ್ಲ ಶಾಲೆ, ಗೋದಾಮುಗಳಲ್ಲೂ ಕೆಂಪು ಸಿಲಿಂಡರ್ ಇರಲೇಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತು. ಅವನಿಗೆ ಈಗ ಬರುತ್ತಿದ್ದುದರ ಎರಡರಷ್ಟು ಬೇಕಾಗಿತ್ತು.

ಯಜಮಾನ ಗೋಡೆ ನೋಡಿದ. ಅಲ್ಲಿ ನೂರು ಎಂದಿತ್ತು. ದಾಟಿದ ಅನಿಲ ಅಳೆಯುವ ಮಾಪಕ ನೋಡಿದ. ಅಲ್ಲಿ ಐವತ್ತು ಎಂದಿತ್ತು. ಐದು ವರ್ಷದಲ್ಲಿ ಮೊದಲ ಬಾರಿಗೆ ಅವನು ಎರಡನ್ನೂ ಒಟ್ಟಿಗೆ ನೋಡಿದ್ದ.

"ಇದಕ್ಕ ನೂರು ಕೊಡೂ ತಾಕತ್ತು ಐತಿ," ಎಂದ. "ನಾವು ಹೂವಿನ ಹಾರ ಹಾಕಿ ಹಾಕಿ ಸೋಮಾರಿ ಆಗೇತಿ. ಒತ್ತಡ ಏರಸು."

"ಎಷ್ಟಕ್ಕ?"

"ನೂರು ಬರೂತನಕ."

"ಹದಿನೈದರ ಮ್ಯಾಲ ಹೋಗಬ್ಯಾಡ್ರಿ ಯಜಮಾನ್ರ. ಹೋದ್ರ ಉಬ್ಬತೈತಿ. ಉಬ್ಬಿದ್ರ ಅದು ಯಾರನ್ನೂ ತಡಿಯೂದಿಲ್ಲ."

"ಅದಕ್ಕ ಹೇಳ್ತೀಯೋ, ನನಗ ಹೇಳ್ತೀಯೋ?"

"ಕೇಳಾವ್ರು ನೀವಷ್ಟ ರೀ. ಅದಕ್ಕ ಕಿವಿ ಇಲ್ಲ."

ಯಜಮಾನ ತಾನೇ ಎದ್ದು ಬಂದು ವಾಲ್ವು ತಿರುಗಿಸಿದ. ಮುಳ್ಳು ಹದಿನೈದು ದಾಟಿತು. ಇಪ್ಪತ್ತು ದಾಟಿತು. ಇಪ್ಪತ್ತೈದಕ್ಕೆ ನಿಂತಿತು. ಮೊದಲ ದಿನ ಎಪ್ಪತ್ತೈದು ಪಾಲು ದಾಟಿತು. ಎರಡನೆಯ ದಿನ ತೊಂಬತ್ತು. ಯಾರೂ ವಾಲ್ವನ್ನು ಮುಟ್ಟದಿದ್ದರೂ ಮೂರನೆಯ ದಿನ ನೂರಾಯಿತು. ಐದನೆಯ ದಿನ ನೂರಿಪ್ಪತ್ತು.

ಯಾರೂ ಮುಟ್ಟದಿದ್ದರೂ ಏರಿತು ಎಂಬ ಮಾತನ್ನು ಆಕೆ ಎರಡು ಸಲ ಹೇಳಿದಳು. ಯಜಮಾನ ಅದನ್ನು ಶುಭಶಕುನ ಎಂದುಕೊಂಡ.

"ನೋಡಿದೇನು?" ಎಂದ. "ಹೆದರಿಸಿದ್ರ ಎಲ್ಲಾ ದುಡೀತಾವ."

ಅಲ್ಲಿ ನಡೆದದ್ದು ಬೇರೆ. ಯಾವ ಅನಿಲವನ್ನು ದಾಟಿಸುವುದಕ್ಕೆಂದೇ ಪೊರೆ ಹುಟ್ಟಿದೆಯೋ ಆ ಅನಿಲವೇ ಮಿತಿಮೀರಿ ಬಂದರೆ ಪೊರೆಯ ಮೈಯೊಳಗೆ ತುಂಬಿಕೊಳ್ಳುತ್ತದೆ. ಮಜ್ಜಿಗೆಯಲ್ಲಿ ನೆನೆದ ಅವಲಕ್ಕಿಯ ಹಾಗೆ ಪೊರೆ ಉಬ್ಬುತ್ತದೆ. ಸೆಟೆದು ನಿಂತಿದ್ದ ಎಳೆಗಳು ಮೆತ್ತಗಾಗಿ ಓಲಾಡುತ್ತವೆ. ಸಂದುಗಳು ಅಗಲವಾಗುತ್ತವೆ. ಆಮೇಲೆ ಬೇಕಾದದ್ದೂ ದಾಟುತ್ತದೆ, ಬೇಡವಾದದ್ದೂ ದಾಟುತ್ತದೆ. ಮಾಪಕ ಮಾತ್ರ ಎರಡನ್ನೂ ಕೂಡಿಸಿ ಒಂದೇ ಅಂಕಿ ತೋರಿಸುತ್ತದೆ. ಮಾಪಕಕ್ಕೆ ಜಾತಿ ಗೊತ್ತಾಗುವುದಿಲ್ಲ. ಯಜಮಾನ ನಂಬಿದ್ದು ಮಾಪಕವನ್ನು.

ಎಂಟನೆಯ ದಿನ ವ್ಯಾಪಾರಿ ಎಂದಿನಂತೆ ಹಣತೆ ಹಚ್ಚಿ ಸಿಲಿಂಡರಿನ ಬಾಯಿ ತಿರುಗಿಸಿದ. ಹಣತೆ ಆರಲಿಲ್ಲ. ಬಾಗಿತು, ನೀಲಿಯಾಯಿತು, ಆಮೇಲೆ ಮೊದಲಿಗಿಂತ ಎತ್ತರಕ್ಕೆ ಎದ್ದು ನಿಂತಿತು.

ವ್ಯಾಪಾರಿ ಸಿಲಿಂಡರಿನ ಬಾಯಿ ಮುಚ್ಚಿ ಹಿಂದೆ ಸರಿದ.

"ಯಜಮಾನ್ರ," ಎಂದ, "ನಾ ಬೆಂಕಿ ಆರಸೂದು ಕೇಳಿದ್ನಿ. ನೀವು ಒಲಿಗೆ ಹಾಕೂದು ಕೊಟ್ಟೀರಿ."

"ಒಂದು ಸಿಲಿಂಡರ್ ಹಂಗಿರಬಹುದು."

"ಹೋದ ವಾರ ಒಯ್ದಿದ್ದನ್ನ ಅವಸರದಾಗ ನೋಡಲಾರದ ತುಂಬೀನಿ. ನಾಳೆ ಒಂದು ಕನ್ನಡ ಶಾಲಿ ಗ್ವಾಡಿಗೆ ಹಾಕೂದಿತ್ತು. ಅಲ್ಲಿ ಬೆಂಕಿ ಬಿದ್ದು, ಯಾರರೆ ಮಾಸ್ತರು ಇದನ್ನ ಹಿಡಕೊಂಡು ಓಡಿದ್ರ ಏನಾಕ್ಕಿತ್ತು? ನಿಮಗ ಪುಣ್ಯ ಬರ್ತಿತ್ತೇನು?"

ಅಂದು ವ್ಯಾಪಾರಿ ಒಂದು ಸಿಲಿಂಡರನ್ನೂ ಒಯ್ಯಲಿಲ್ಲ. ಹೋದ ವಾರದ್ದನ್ನೂ ಮರುದಿನ ಹಿಂದಕ್ಕೆ ತಂದು ಅಂಗಳದಲ್ಲಿ ಉರುಳಿಸಿ ಹೋದ.

ಯಜಮಾನ ಒತ್ತಡವನ್ನು ಮೊದಲಿನ ಹತ್ತಕ್ಕೆ ಇಳಿಸಿದ. ಹಣತೆ ಹಚ್ಚಿ ನೋಡಿದ. ಹಣತೆ ಆರುವುದಕ್ಕೆ ಇನ್ನೂ ತಡಮಾಡುತ್ತಿತ್ತು. ಉಬ್ಬಿದ ಪೊರೆ ಒತ್ತಡ ಇಳಿಸಿದ ಕೂಡಲೇ ಮೊದಲಿನಂತಾಗುವುದಿಲ್ಲ. ಏರುವಾಗ ಹೋದ ದಾರಿ ಬೇರೆ, ಇಳಿಯುವಾಗ ಬರುವ ದಾರಿ ಬೇರೆ.

"ಒಂದು ತಿಂಗಳು ಬಿಡ್ರಿ," ಎಂದಳು ಆಕೆ. "ಸುಮ್ಮನ ಬಿಟ್ರ ತನ್ನಷ್ಟಕ್ಕ ಕೂಡತೈತಿ."

"ಬಿಡೂದಿಲ್ಲ. ಇದು ಮುದಿ ಆಗೇತಿ. ಮುದಿ ಆಗಿ ಸಡ್ಲಾಗೇತಿ. ಐದು ವರ್ಷ ಹಗಲೂ ರಾತ್ರಿ ಓಡಿಸಿ ನೀನ ಇದನ್ನ ಸವಸೀದಿ."

"ಮುಪ್ಪಿಗೆ ಸಡ್ಲಾಗೂದಿಲ್ರಿ. ಮುಪ್ಪಿಗೆ ಬಿಗೀ ಆಗತೈತಿ. ಸಡ್ಲಾಗಿದ್ದು ಒತ್ತಡಕ್ಕ."

"ನನಗ ಪಾಠ ಹೇಳಬ್ಯಾಡ. ಅಲಮಾರ್ಯಾಗ ಇದರ ಜೋಡಿದು ಹೊಸಾದು ಐತಿ. ಒಂದು ದಿನಾನೂ ದುಡಿದಿಲ್ಲ. ಅದನ್ನ ಹಾಕ್ತೀನಿ. ಅದು ನೂರು ಕೊಟ್ರ ತಪ್ಪು ನಿಂದು. ನಾಳಿಂದ ಬರಬ್ಯಾಡ."

"ಕೊಡದಿದ್ರ?"

ಯಜಮಾನನಿಗೆ ಇದಕ್ಕೆ ಉತ್ತರ ಬೇಕಾಗಿದೆ ಎಂದೇ ಅನ್ನಿಸಲಿಲ್ಲ. "ಕೊಡತೈತಿ," ಎಂದ.

ಆಕೆ ಹೂಂ ಎಂದಳು. ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಂಡು ಹಳೆಯ ಪೊರೆಯನ್ನು ಬಿಚ್ಚಿ ಪಕ್ಕದಲ್ಲಿ ಮಲಗಿಸಿದಳು. ಹಾರವನ್ನೂ ಬಿಚ್ಚಿಟ್ಟಳು.

ಯಜಮಾನ ಉಡಿದಾರದಿಂದ ಬೀಗದ ಕೈ ತೆಗೆದ. ಐದು ವರ್ಷದಲ್ಲಿ ಬೀಗ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ತೆರೆದರು. ಮೂರು ಸುತ್ತು ಹಾಳೆ ಬಿಚ್ಚಿದರು. ಪೊರೆ ಹೊಳೆಯುತ್ತಿತ್ತು. ಮೇಲೆ ಒಂದು ಗೀರಿರಲಿಲ್ಲ. ಒಂದು ಹನಿ ಎಣ್ಣೆ ಸೋಕಿರಲಿಲ್ಲ. ಬೇರೆ ಕೆಲಸಗಾರರೂ ಬಂದು ಸುತ್ತ ನಿಂತರು. ಹೊಸ ಮದುವಣಗಿತ್ತಿಯನ್ನು ನೋಡುವ ಹಾಗೆ ನೋಡಿದರು.

ಆಕೆಯೇ ಅದನ್ನು ಜೋಡಿಸಿದಳು. ತನ್ನ ಕೆಲಸ ಹೋಗಲಿದೆ ಎಂದು ಒಂದು ಬೋಲ್ಟನ್ನೂ ಸಡಿಲ ಬಿಡಲಿಲ್ಲ. ಒತ್ತಡವನ್ನು ಹತ್ತಕ್ಕೆ ತಂದಳು. ಎಲ್ಲರೂ ಮಾಪಕದ ಕಡೆ ನೋಡಿದರು.

ಮುಳ್ಳು ಏರಿತು. ಮೂವತ್ತಾಯಿತು. ನಲವತ್ತಾಯಿತು. ನಲವತ್ತರಲ್ಲಿ ನಿಂತುಬಿಟ್ಟಿತು.

ಯಜಮಾನ ಮಾಪಕದ ಗಾಜನ್ನು ಬೆರಳಿನಿಂದ ತಟ್ಟಿದ. ಮುಳ್ಳು ಅಲುಗಲಿಲ್ಲ. ಐದು ವರ್ಷ ದುಡಿದ ಪೊರೆ ಐವತ್ತು ಕೊಡುತ್ತಿತ್ತು. ಒಂದು ದಿನವೂ ದುಡಿಯದ ಪೊರೆ ನಲವತ್ತು ಕೊಟ್ಟಿತು.

"ಯಾರೋ ಬದಲಿ ಮಾಡ್ಯಾರ," ಎಂದ ಯಜಮಾನ.

"ಕೀಲಿ ಎಲ್ಲಿತ್ತು ಯಜಮಾನ್ರ?" ಎಂದು ಸುತ್ತ ನಿಂತವರಲ್ಲಿ ಯಾರೋ ಕೇಳಿದರು. ಕೇಳಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಯಜಮಾನ ಕೊಳವೆಯ ಮೇಲಿದ್ದ ನಂಬರು ಓದಿದ. ಅದೇ ನಂಬರು. ಆಕೆಯ ಕಡೆ ತಿರುಗಿ, "ಇದು ಕೆಲಸಾನ ಮಾಡಿಲ್ಲಲ್ಲ. ಇದು ಹೆಂಗ ಮುದಿ ಆತು?" ಎಂದ. ಈ ಸಲ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮೋಸ ಹೋದವನ ದನಿಯಿತ್ತು.

"ಕೆಲಸದಿಂದ ಮುಪ್ಪು ಬರೂದಿಲ್ರಿ," ಎಂದಳು ಆಕೆ. "ದಿನ ಹೋದ್ರ ಬರತೈತಿ. ಅಲಮಾರ್ಯಾಗೂ ದಿನ ಹೋಗತಾವಲ್ರಿ. ಅದಕ್ಕಾದಷ್ಟ ವಯಸ್ಸು ಇದಕ್ಕೂ ಆಗೇತಿ. ಅದು ದಿನಾ ನಾಕು ಮಂದೀನ ದಾಟಿಸಿ ದಾಟಿಸಿ ಒಂಚೂರು ಕೈಕಾಲು ಆಡಿಸಿಕೊಂಡಿತ್ತು. ಇದು ಅದನ್ನೂ ಮಾಡಿಲ್ಲ."

ಯಜಮಾನ ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. ಸುತ್ತ ನಿಂತವರು ಒಬ್ಬೊಬ್ಬರಾಗಿ ತಮಗೆ ಕೆಲಸವಿದೆ ಎಂದು ನೆನಪಿಸಿಕೊಂಡು ಹೋದರು.

ಆಕೆ ಹಳೆಯ ಪೊರೆಯನ್ನು ಒಂದು ತಿಂಗಳು ಸುಮ್ಮನೆ ಮಲಗಿಸಿದಳು. ಅದರೊಳಗೆ ತುಂಬಿಕೊಂಡಿದ್ದ ಅನಿಲ ನಿಧಾನವಾಗಿ ಹೊರಗೆ ಹೋಯಿತು. ಎಳೆಗಳು ಮತ್ತೆ ಕೂತವು. ಮೊದಲಿನ ಜಾಗದಲ್ಲೇ ಅಲ್ಲ, ಅದರ ಸಮೀಪ. ಆಮೇಲೆ ಎರಡು ಪೊರೆಗಳನ್ನೂ ಅಕ್ಕಪಕ್ಕ ಜೋಡಿಸಿದಳು. ಒತ್ತಡವನ್ನು ಹತ್ತರ ಮೇಲೆ ಹೋಗಗೊಡಲಿಲ್ಲ. ಹಳೆಯದು ಐವತ್ತೈದು ಕೊಟ್ಟಿತು, ಅಲಮಾರಿಯದು ನಲವತ್ತು. ಹಣತೆ ಆರುವ ಮುಂಚೆ ಒಮ್ಮೆ ತಲೆ ಅಲ್ಲಾಡಿಸುತ್ತಿತ್ತು, ಆಮೇಲೆ ಆರುತ್ತಿತ್ತು. ವ್ಯಾಪಾರಿ ಗೊಣಗಿಕೊಂಡೇ ಒಪ್ಪಿಕೊಂಡ. ಬಾಯ್ಲರಿನ ಉರಿ ದೊಡ್ಡದಾಯಿತು. ಬಾಯ್ಲರಿನವನು ಕೆರೆದದ್ದರಿಂದಲೇ ಹೀಗಾಯಿತು ಎಂದು ಅವನನ್ನು ಹೊಗಳಿದರು. ಅವನೂ ಬೇಡವೆನ್ನಲಿಲ್ಲ.

ನಾಳೆಯಿಂದ ಬರಬೇಡ ಎಂದ ಮಾತನ್ನು ಯಜಮಾನ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ. ಮಾಪಕ ನಲವತ್ತಕ್ಕೆ ನಿಂತ ಮರುದಿನವೇ ಆಕೆ ಎಂದಿನ ಹೊತ್ತಿಗೆ ಬಂದಳು. ಅವನು ಇಬ್ಬರಿಗೆ ಚಹಾ ತರಿಸಿದ. ಯಜಮಾನರ ಭಾಷೆಯಲ್ಲಿ ಅದಕ್ಕಿಂತ ಹೆಚ್ಚಿನ ಮಾತು ಇಲ್ಲ.

*

ಕತೆ ಮುಗಿಯಿತು. ಅಂಗಳದ ಬಿಸಿಲು ಮೆಟ್ಟಿಲವರೆಗೆ ಬಂದಿತ್ತು. ನೀಲಗಂಗಾ ಬುದ್ಧಿವಂತೆ. ಅವಳಿಗೆ ಕತೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ತಿಳಿಯಿತು ಗುರುಗಳೇ," ಎಂದಳು. "ಒಂದೇ ದಿನಕ್ಕೆ ಆರುನೂರು ಜನರನ್ನು ಕರೆದದ್ದು ನಾನು. ಗುರುಸಿದ್ದವ್ವನನ್ನು ಎಬ್ಬಿಸುವುದಿಲ್ಲ. ಒಂದು ತಿಂಗಳು ಊರಿಗೆಲ್ಲಾದರೂ ಹೋಗಿ ಬರಲಿ, ಕೋಣೆ ಆಕೆಯದೇ. ಗ್ರಂಥಾಲಯದವಳನ್ನೂ ಆಕೆಯ ಪಕ್ಕಕ್ಕೆ ಕೂರಿಸುತ್ತೇನೆ. ಮುಂದಿನ ವರ್ಷದಿಂದ ದಿನಕ್ಕೆ ಇಪ್ಪತ್ತೇ ಜನ."

"ಒಳ್ಳೆಯದು," ಎಂದರು ಗುರುಗಳು.

ನೀಲಗಂಗಾ ನಮಸ್ಕರಿಸಿ ಎದ್ದಳು. ಎರಡು ಹೆಜ್ಜೆ ಹೋಗಿ ನಿಂತಳು.

"ಆದರೂ ಆ ಹನ್ನೊಂದು ಮಕ್ಕಳ ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಗುರುಸಿದ್ದವ್ವನ ಕೈಯಲ್ಲಿ ಹದಿಮೂರು ವರ್ಷ ಒಂದು ತಪ್ಪೂ ಆಗಿರಲಿಲ್ಲ."

ಗುರುಗಳು ಹೇಳಿದರು: "ಬರಬಾರದೆ ಬಂದ ಹನ್ನೊಂದು ಹೆಸರು ನಿನಗೆ ಬಾಯಿಪಾಠ; ಬರಬೇಕಾಗಿದ್ದೂ ಆ ಹದಿಮೂರು ವರ್ಷದಲ್ಲಿ ಬಾಗಿಲಿನಿಂದಲೇ ತಿರುಗಿ ಹೋದ ಮಕ್ಕಳದು ಒಂದು ಹೆಸರು ಹೇಳು."